ಗಾಳದ ಕೋಲಿಗೆ ಸುತ್ತಿದ ಸ್ವೆಟರ್

ಅಂಗಡಿಯಿಂದ,
ಬುಧವಾರ ಮಧ್ಯಾಹ್ನ

ನನ್ನ ಮೀನುಗಾತಿಗೆ,

ನೀನು ಸುಖವಾಗಿ ಹೋಗಿ ಇಳಿದ ವಿಷಯ ನಿನ್ನೆ ನಿನ್ನ ಫೋನಿನಿಂದ ತಿಳಿಯಿತು. ತಿಳಿಯಿತು ಅಂದರೆ ನೀನಾಗಿ ಹೇಳಲಿಲ್ಲ, ನಾನೇ ಊಹಿಸಿಕೊಂಡೆ. ನಾನು ಹಲೋ ಅನ್ನುವುದಕ್ಕೂ ಬಿಡದೆ, ರೀ, ಗಾಳದ ಕೋಲಿನ ಕೊಳವೆ ಬಂದಿಲ್ಲ ಕಣ್ರೀ, ಅಲ್ಲೇ ಉಳಿದುಹೋಯಿತಾ ನೋಡಿ ಅಂದೆ. ಮನೆ ಸೇರಿದಿರಾ, ಊಟ ಆಯಿತಾ ಅಂತ ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಿನ್ನ ದನಿಯ ಹಿಂದೆ ನಿನ್ನ ಕ್ಯಾಪ್ಟನ್ ಯಾರಿಗೋ ದಬಾಯಿಸುತ್ತಿದ್ದದ್ದು ಮಾತ್ರ ನನಗೆ ಅಕ್ಷರ ಅಕ್ಷರವಾಗಿ ಕೇಳಿಸಿತು.

ಕೊಳವೆ ಸಿಕ್ಕಿದೆ ಅಂತ ಬೆಳಿಗ್ಗೆ ನಿನಗೆ ಹೇಳಿದೆನಲ್ಲ, ವಿವರ ಹೇಳಲು ನೀನು ಪುರುಸೊತ್ತು ಕೊಡಲಿಲ್ಲ. ವಿಮಾನ ನಿಲ್ದಾಣದಲ್ಲಿ ಉದ್ದ ಸಾಮಾನು ತೆಗೆದುಕೊಳ್ಳುವ ಕೌಂಟರ್ ಇದೆಯಲ್ಲ, ಅದರ ಹಿಂದಿನ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತಂತೆ. ನಾನು ಹೊಲಿಯುವ ಪ್ರತಿ ಚೀಲದ ಒಳಗೂ ಅಂಗಡಿಯ ಫೋನ್ ನಂಬರಿನ ಪಟ್ಟಿ ಇರುತ್ತದೆ. ಅದನ್ನು ನೋಡಿ ಅವರು ಫೋನ್ ಮಾಡಿದರು, ನಾನು ವ್ಯಾನ್ ತೆಗೆದುಕೊಂಡು ಹೋಗಿ ತಂದೆ. ಈಗ ಅದು ನನ್ನ ಮುಂದೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಈ ತುದಿಯಿಂದ ಆ ತುದಿವರೆಗೆ ಮಲಗಿದೆ. ಒಂದು ಡೇರೆಯ ಹೊಲಿಗೆ ಬಾಕಿ ಇದೆ, ಒಬ್ಬ ಸಂಗೀತಗಾರನ ವಾದ್ಯದ ಪೆಟ್ಟಿಗೆಗೆ ಸ್ಪಂಜು ಅಂಟಿಸುವುದಿದೆ, ಮೇಜು ಮಾತ್ರ ಖಾಲಿ ಇಲ್ಲ. ನಾಳೆ ಬೆಳಗಿನ ವಿಮಾನಕ್ಕೆ ಹಾಕಿಸುತ್ತೇನೆ. ಶುಕ್ರವಾರ ನಿಮ್ಮಿಬ್ಬರ ಗಾಳದ ಸ್ಪರ್ಧೆ ಶುರುವಾಗುವ ಹೊತ್ತಿಗೆ ಕೋಲುಗಳು ನಿನ್ನ ಕೈಯಲ್ಲಿರುತ್ತವೆ, ಹೆದರಬೇಡ.

ಈ ಕಾಗದವನ್ನೂ ಅದರೊಳಗೇ ಇಡುತ್ತೇನೆ, ನಿನ್ನ ರೀಲಿನ ಚೀಲದಲ್ಲಿ. ನಿನ್ನ ಕ್ಯಾಪ್ಟನ್ ಚೀಲದಲ್ಲಿ ಅಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತ ನೀನು ಕೇಳಬಹುದು. ಫೋನಿನಲ್ಲಿ ನನ್ನ ಬಾಯಿಂದ ಬರುವುದು ಎರಡೇ ಮಾತು, ಸರಿ ಮತ್ತು ನಿನ್ನಿಷ್ಟ. ಆ ಎರಡನ್ನೂ ನೀನು ಸಾಕಷ್ಟು ಕೇಳಿದ್ದೀಯ.

ಕೊಳವೆ ತೆರೆದೆ. ಒಳಗೆ ಏನಾದರೂ ಮುರಿದಿದೆಯಾ ನೋಡೋಣ ಅಂತ ತೆರೆದೆ ಎಂದು ಬರೆಯಬಹುದಿತ್ತು, ಆದರೆ ಹಾಗಲ್ಲ. ನನಗೆ ನೋಡಬೇಕಿತ್ತು. ನಾನೇ ಹೊಲಿದ ಕ್ಯಾನ್ವಾಸು, ನಾನೇ ಕೂರಿಸಿದ ಮುಚ್ಚಳ, ಅದರೊಳಗೆ ನಿನ್ನ ಕೋಲುಗಳೂ ಅವನ ಕೋಲುಗಳೂ ಒಂದರ ಮೇಲೊಂದು ಒರಗಿಕೊಂಡು ಮಲಗಿದ್ದವು. ನಿನ್ನದು ನೀಲಿ, ಅವನದು ಕಪ್ಪು. ನಿನ್ನ ಕೋಲಿಗೆ ನೀನು ಹಳೆಯ ಟವೆಲ್ ಸುತ್ತಿದ್ದೆ. ಅವನ ಕೋಲಿಗೆ ಸುತ್ತಿದ್ದು ಬೂದು ಬಣ್ಣದ, ಮೊಣಕೈಗೆ ತೇಪೆ ಹಾಕಿದ ಒಂದು ಸ್ವೆಟರ್.

ಆ ಸ್ವೆಟರ್ ಗುರುತು ಸಿಕ್ಕಿತಾ? ಚಳಿಗಾಲವಿಡೀ ನಾನು ಹುಡುಕಿದ ಸ್ವೆಟರ್. ಕಪಾಟು ಬುಡಮೇಲು ಮಾಡಿದ್ದೆ, ಅಕ್ಕನ ಮಹಡಿಗೆ ಹೋಗಿ ಅವಳ ಟ್ರಂಕು ತೆಗೆಸಿ ನೋಡಿದ್ದೆ, ನಿನ್ನ ತಮ್ಮ ಬಂದಾಗ ಎತ್ತಿಕೊಂಡು ಹೋಗಿರಬೇಕು ಅಂತ ಆ ಪಾಪದವನ ಮೇಲೆ ಗುಮಾನಿ ಪಟ್ಟಿದ್ದೆ. ಎಲ್ಲೋ ಇರುತ್ತೆ ಬಿಡಿ, ಸಿಗುತ್ತೆ ಅಂತ ನೀನು ಅಡುಗೆಮನೆಯಿಂದಲೇ ಹೇಳಿದ್ದೆ. ನಾನು ಶಾಲು ಹೊದ್ದು ಹೊಲಿಗೆ ಯಂತ್ರದ ಮುಂದೆ ನಡುಗುತ್ತಿದ್ದಾಗ ಟೋಪಿರಾಯನ ಕೋಲು ನನ್ನ ಸ್ವೆಟರಿನಲ್ಲಿ ಬೆಚ್ಚಗಿತ್ತು. ಅದನ್ನು ಬಿಚ್ಚಿ ತೆಗೆದು ಈಗ ನಾನೇ ಹಾಕಿಕೊಂಡು ಕೂತಿದ್ದೇನೆ. ಹೊರಗೆ ಬಿಸಿಲು ಸುಡುತ್ತಿದೆ, ಬೆವರು ಇಳಿಯುತ್ತಿದೆ, ಆದರೂ ತೆಗೆಯುವುದಿಲ್ಲ.

ಹೌದು, ಟೋಪಿರಾಯ. ನೀನು ಕ್ಯಾಪ್ಟನ್ ಅಂತ ಕರೆದುಕೋ. ಮನೆಯೊಳಗೆ, ಸೋಫಾದ ಮೇಲೆ, ಊಟದ ಮೇಜಿನ ಮುಂದೆ ಕೂಡ ಆ ಅಗಲ ಟೋಪಿ ತೆಗೆಯದವನಿಗೆ ನನ್ನ ಬಾಯಲ್ಲಿ ಅದೇ ಹೆಸರು. ಆ ಟೋಪಿಯ ಕೆಳಗೆ ಕೂದಲಿದೆಯಾ ಇಲ್ಲವಾ ಅನ್ನುವುದು ನಿನಗೆ ಗೊತ್ತಿರಬೇಕು. ಗೊತ್ತಿದ್ದರೂ ಹೇಳಬೇಡ, ಅದಕ್ಕೂ ನನ್ನ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ತೆರೆದು ಗಾಬರಿಯಾಗಬೇಡ. ಕೊಳವೆಯೊಳಗೆ ನಡುವೆ ಒಂದು ಗೋಡೆ ಹೊಲಿದಿದ್ದೇನೆ. ದಪ್ಪ ಸ್ಪಂಜಿನ ಹಾಳೆ, ಎರಡೂ ಕಡೆ ಕ್ಯಾನ್ವಾಸು, ಮೇಣ ಹಚ್ಚಿದ ನೂಲಿನ ಜೋಡಿ ಹೊಲಿಗೆ. ನಿನ್ನವು ಈ ಕಡೆ, ಅವನವು ಆ ಕಡೆ. ಕೋಲುಗಳು ಒಂದಕ್ಕೊಂದು ಉಜ್ಜಿ ಬಣ್ಣ ಹೋಗಬಾರದಲ್ಲ, ಅದಕ್ಕೆ ಅಂತ ಅವನಿಗೆ ಹೇಳು. ನಿನಗೆ ನಿಜ ಹೇಳುತ್ತೇನೆ, ಅದಕ್ಕಲ್ಲ. ಬೆಳಗಿನಿಂದ ನಾನು ಮಾಡಿದ ಕೆಲಸ ಇದೊಂದೇ, ಬಹಳ ಚೆನ್ನಾಗಿ ಬಂದಿದೆ.

ಅವನ ಕಪ್ಪು ಕೋಲನ್ನು ಕೈಯಲ್ಲಿ ಹಿಡಿದು ನೋಡಿದೆ. ತುದಿ ಎಷ್ಟು ಸಪೂರ! ಹೆಬ್ಬೆರಳಿನಿಂದ ಒತ್ತಿದರೆ ಬಾಗುತ್ತದೆ, ಇನ್ನೊಂದು ಚೂರು ಒತ್ತಿದರೆ ಟಕ್ ಅಂತ ಮುರಿಯುತ್ತದೆ, ವಿಮಾನದವರ ಮೇಲೆ ಹಾಕಿದರೆ ಯಾರೂ ಸಂಶಯ ಪಡುವುದಿಲ್ಲ. ಅಷ್ಟು ದೂರ ಯೋಚನೆ ಹೋಯಿತು. ಅಷ್ಟರಲ್ಲಿ ಅಕ್ಕ ಮೆಟ್ಟಿಲಿಳಿದು ಬಂದಳು. ಕೊಳವೆ ನೋಡಿದಳು, ನನ್ನ ಮೈಮೇಲಿನ ಸ್ವೆಟರ್ ನೋಡಿದಳು, ನನ್ನ ಮುಖ ನೋಡಿದಳು. ಏನೂ ಕೇಳದೆ ಟೀ ಲೋಟ ಇಟ್ಟು ವಾಪಸು ಹತ್ತಿಹೋದಳು. ಅವಳು ಬಾಯಿ ಬಿಡದೆ ಹೋದಳು ಅಂದರೆ ನನ್ನ ಮುಖ ಹೇಗಿತ್ತು ಅಂತ ನೀನೇ ಲೆಕ್ಕ ಹಾಕು. ಕೋಲನ್ನು ಹುಷಾರಾಗಿ ಒಳಗಿಟ್ಟೆ. ಸ್ವೆಟರಿನ ಬದಲು ಹಳೆಯ ಪೇಪರ್ ಸುತ್ತಿದ್ದೇನೆ, ಅವನಿಗೆ ಅಷ್ಟು ಸಾಕು.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ನೀನು ಮರೆತಿರಬಹುದು, ನಾನು ಮರೆತಿಲ್ಲ.

ವ್ಯಾನ್ ಓಡಿಸಿದ್ದು ನಾನು. ಅವನಿಗೆ ಮಂಡಿನೋವಂತೆ, ಮುಂದಿನ ಸೀಟು ಅವನಿಗೆ. ಕೊಳವೆಯ ಮೂತಿ ಗೇರಿನ ಪಕ್ಕ ನನ್ನ ಮೊಣಕೈಗೆ ತಿವಿಯುತ್ತಿತ್ತು. ನೀನು ಹಿಂದೆ ಕೂತು, ನಡುವೆ ನಾನೊಬ್ಬ ಇದ್ದೇನೆ ಅನ್ನುವುದು ನೆನಪಿಲ್ಲದ ಹಾಗೆ, ಅವನ ಜೊತೆ ಗಾಳಿಯ ದಿಕ್ಕು, ನೀರಿನ ಸೆಳೆತ, ರಬ್ಬರ್ ಮೀನಿನ ಬಣ್ಣ ಅಂತ ಮಾತಾಡುತ್ತಲೇ ಇದ್ದೆ. ಅವನಿಗೆ ಹೋಗೋ, ಸುಮ್ನಿರೋ, ನಿಂಗೇನ್ ಗೊತ್ತೋ. ನನಗೆ ರೀ, ಸ್ವಲ್ಪ ನಿಧಾನ ಓಡಿಸ್ರೀ. ಮದುವೆಯಾದಾಗಿನಿಂದ ನೀನು ನನ್ನನ್ನು ಬಹುವಚನದಲ್ಲೇ ಕೂರಿಸಿದ್ದೀಯ. ಗೌರವ ನನಗೆ, ಸಲಿಗೆ ಅವನಿಗೆ. ನನಗೆ ಆ ಗೌರವ ಬೇಡವಾಗಿತ್ತು, ನಿನ್ನೆ ಆ ವ್ಯಾನಿನಲ್ಲಿ ಅಂತೂ ಖಂಡಿತ ಬೇಡವಾಗಿತ್ತು.

ಆಮೇಲೆ ಸಾಮಾನು ತೂಗುವ ಕೌಂಟರ್. ಕೊಳವೆಯನ್ನು ಅಳೆದು ನೋಡಿದ ಹುಡುಗಿ, ಇದು ಉದ್ದ ಸಾಮಾನು, ಬೆಲ್ಟಿಗೆ ಹಾಕುವ ಹಾಗಿಲ್ಲ, ಚೀಟಿ ಅಂಟಿಸಿ ಕೊಡುತ್ತೇನೆ, ಆ ಕೊನೆಯ ಕೌಂಟರಿನಲ್ಲಿ ಕೈಯಾರೆ ಕೊಡಬೇಕು ಅಂದಳು. ಅಷ್ಟಕ್ಕೇ ಬಿಡಲಿಲ್ಲ. ಒಂದೇ ಕೊಳವೆಯಲ್ಲಿ ಇಬ್ಬರ ಸಾಮಾನು ಹಾಕಬೇಕಾದರೆ ಇಬ್ಬರೂ ಒಂದೇ ಮನೆಯವರಾಗಿರಬೇಕು, ಇಲ್ಲದಿದ್ದರೆ ಬೇರೆ ಬೇರೆ ಮಾಡಿ ಅಂದಳು. ಆಮೇಲೆ ಟೋಪಿರಾಯನನ್ನು ತೋರಿಸಿ, ಇವರು ನಿಮ್ಮ ಯಜಮಾನರಾ ಅಂತ ನಿನ್ನನ್ನು ಕೇಳಿದಳು. ನಾನು ಕೊಳವೆ ಹೊತ್ತುಕೊಂಡು ನಿನ್ನ ಪಕ್ಕದಲ್ಲೇ ನಿಂತಿದ್ದೆ. ನೀನು ಹೂಂ ಅಂದೆ.

ರೆಪ್ಪೆ ಬಡಿಯಲಿಲ್ಲ ನೀನು. ಅವನೂ ಟೋಪಿ ಸರಿಮಾಡಿಕೊಂಡು ಯಜಮಾನನ ಹಾಗೆಯೇ ನಿಂತ. ಆ ಹುಡುಗಿ ನನ್ನ ಕಡೆ ತಿರುಗಿ, ನೀವು ಸಾಮಾನು ಆ ಕಡೆ ಕೊಟ್ಟು ಹೊರಡಬಹುದು ಅಂದಳು. ನೀನೂ ಗಡಿಯಾರ ನೋಡಿಕೊಳ್ಳುತ್ತಾ, ರೀ, ಅದೊಂದು ಕೊಟ್ಟುಬಿಡ್ತೀರಾ, ನಾವು ಒಳಗೆ ಹೋಗ್ತೀವಿ ಅಂದೆ. ನಿಯಮಕ್ಕೋಸ್ಕರ ಹೂಂ ಅಂದೆ ಅನ್ನುವುದು ನನಗೆ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ. ಅವಸರದಲ್ಲಿ ಕೋಲುಗಳನ್ನು ಬಿಚ್ಚಿ ಬೇರೆ ಮಾಡಲು ಆಗುತ್ತಿರಲಿಲ್ಲ ಅನ್ನುವುದೂ ಗೊತ್ತು. ಆದರೆ ಹೂಂ ಅನ್ನುವ ಮುಂಚೆ ಒಂದು ಸಲ ನನ್ನ ಕಡೆ ನೋಡಬಹುದಿತ್ತು. ನೋಡಿ ಕಣ್ಣು ಮಿಟುಕಿಸಿದ್ದರೂ ಸಾಕಿತ್ತು, ನಾನೂ ನಕ್ಕು ಕೂಲಿಯವನ ಪಾತ್ರ ಮಾಡಿಬಿಡುತ್ತಿದ್ದೆ.

ನಿನ್ನ ಕೋಲುಗಳಿಗೆ ಮೊದಲ ಚೀಲ ಹೊಲಿದವನು ನಾನು. ಹಾಸಿಗೆಯ ಚಾದರದಲ್ಲಿ ಸುತ್ತಿದ ಕೋಲುಗಳನ್ನು ತಂದು ಇದೇ ಮೇಜಿನ ಮೇಲೆ ಹಾಕಿ, ಇದನ್ನು ವಿಮಾನದಲ್ಲಿ ಬಿಡುತ್ತಿಲ್ಲ, ಏನಾದರೂ ಮಾಡಿಕೊಡಿ ಅಂತ ಜಗಳಕ್ಕೆ ಬಂದವಳ ಹಾಗೆ ಕೇಳಿದ್ದೆ. ಆಮೇಲೆ ಜಿಪ್ಪು ಕೆಟ್ಟಿದೆ ಅಂತ ಬಂದೆ, ಪಟ್ಟಿ ಸಡಿಲ ಅಂತ ಬಂದೆ, ಹಿಡಿ ಚಿಕ್ಕದು ಅಂತ ಬಂದೆ. ಮೂರನೆಯ ಸಲಕ್ಕೆ ಅಕ್ಕ ಮಹಡಿಯಿಂದ ಬಗ್ಗಿ ನೋಡಿ, ಕೆಟ್ಟಿರುವುದು ಚೀಲ ಅಲ್ಲ ಕಣೋ ಅಂದಿದ್ದಳು. ಆಗ ಟೋಪಿರಾಯ ಇರಲಿಲ್ಲ. ನೀನು ಒಬ್ಬಳೇ ಹೋಗುತ್ತಿದ್ದೆ, ಒಬ್ಬಳೇ ಬರುತ್ತಿದ್ದೆ, ಬಂದು ಸಿಕ್ಕಿದ ಮೀನಿನ ಉದ್ದವನ್ನು ನನ್ನ ಅಳತೆ ಟೇಪಿನಲ್ಲೇ ತೋರಿಸುತ್ತಿದ್ದೆ. ಈಗ ಉದ್ದ ಎಷ್ಟು ಅಂತ ನಾನು ಕೇಳಿದರೆ ಅವನ ಫೋನಿನಲ್ಲಿ ಫೋಟೋ ಇದೆ ಅನ್ನುತ್ತೀಯ.

ಅಕ್ಕ ಒಂದು ದಿನ ಸುತ್ತಿ ಬಳಸಿ ಕೇಳಿದಳು, ಆ ಟೋಪಿಯವನ ಜೊತೆ ಇವಳು ಇಷ್ಟು ತಿರುಗುವುದು ನಿನಗೆ ಸರಿ ಕಾಣುತ್ತದಾ ಅಂತ. ನಾನು ರೇಗಿದೆ. ನಿಮ್ಮಿಬ್ಬರ ನಡುವೆ ಅಂಥದ್ದು ಏನೂ ಇಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಹಾಗಿದ್ದ ಮೇಲೆ ಹೊಟ್ಟೆ ಯಾಕೆ ಉರಿಯಬೇಕು? ಯಾಕೆ ಅಂತ ಹೇಳುತ್ತೇನೆ ಕೇಳು. ಕಳೆದ ಸಲ ಕೆರೆಯ ದಂಡೆಗೆ ನಾನೂ ಬಂದಿದ್ದೆನಲ್ಲ, ಮರದ ಕೆಳಗೆ ಕೂತು ನಿಮ್ಮನ್ನು ನೋಡುತ್ತಿದ್ದೆ. ನೀವಿಬ್ಬರೂ ದೋಣಿಯಲ್ಲಿ ಕೂತು ಮಧ್ಯಾಹ್ನದಿಂದ ಸಂಜೆಯವರೆಗೆ ಒಂದು ಮಾತೂ ಆಡಲಿಲ್ಲ. ಅವನು ಕೈ ಚಾಚಿದ, ನೀನು ಕೇಳದೆಯೇ ಕತ್ತರಿ ಕೊಟ್ಟೆ. ನೀನು ತಲೆ ತಿರುಗಿಸಿದೆ, ಅವನು ದೋಣಿ ತಿರುಗಿಸಿದ. ನನ್ನ ಜೊತೆ ನೀನು ಮಾತಾಡುತ್ತೀಯ, ನಗುತ್ತೀಯ, ಜಗಳಾಡುತ್ತೀಯ. ಅಷ್ಟು ಹೊತ್ತು ಸುಮ್ಮನೆ, ನೆಮ್ಮದಿಯಾಗಿ, ನನ್ನ ಜೊತೆ ನೀನು ಒಂದು ದಿನವೂ ಕೂತಿಲ್ಲ. ನನಗೆ ಆ ಮೌನದ ಮೇಲೆ ಹೊಟ್ಟೆಕಿಚ್ಚು.

ಈಗ ಅವನು ಸಮುದ್ರದ ಊರಿನಲ್ಲಿ ದೋಣಿ ಕೊಳ್ಳುತ್ತಾನಂತೆ. ಬಂದವರನ್ನು ಗಾಳ ಹಾಕಲು ಕರೆದುಕೊಂಡು ಹೋಗುವ ದೋಣಿ. ನೀನು ಶಾಲೆಯಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸ ಬಿಟ್ಟು ಅವನ ಜೊತೆ ಅದನ್ನು ನಡೆಸಬೇಕಂತೆ. ವರ್ಷದ ಅರ್ಧ ಅಲ್ಲಿ, ಅರ್ಧ ಇಲ್ಲಿ. ಸ್ಪರ್ಧೆ ಮುಗಿದ ಸಂಜೆ ದೋಣಿಯವನಿಗೆ ಮಾತು ಕೊಡಬೇಕು, ಅಷ್ಟರಲ್ಲಿ ನೀನು ಹೂಂ ಅಥವಾ ಊಹೂಂ ಹೇಳಬೇಕು. ಇದನ್ನೆಲ್ಲ ನೀನು ಹೊರಡುವ ಹಿಂದಿನ ಸಂಜೆ, ನಾನು ಇದೇ ಕೊಳವೆಯ ಮುಚ್ಚಳಕ್ಕೆ ರಿವೆಟ್ ಹೊಡೆಯುತ್ತಿದ್ದಾಗ ಹೇಳಿದೆ. ಹೇಳಿ, ನೀವೇನಂತೀರಿ ಅಂತ ಕೇಳಿದೆ. ಸುತ್ತಿಗೆ ಕೆಳಗಿಡದೆಯೇ ನಾನು ನಿನ್ನಿಷ್ಟ ಅಂದೆ. ನೀನು ಸ್ವಲ್ಪ ಹೊತ್ತು ಬಾಗಿಲ ಹತ್ತಿರ ನಿಂತಿದ್ದೆ. ಆಮೇಲೆ ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದೆ.

ನೀನು ನಿಂತಿದ್ದದ್ದು ನನಗೆ ಗೊತ್ತಿತ್ತು. ನಾನು ಬೇಕಂತಲೇ ತಲೆ ಎತ್ತಲಿಲ್ಲ. ಬೇಡ ಅಂದರೆ, ಹೆಂಡತಿಯ ಆಸೆಗೆ ಅಡ್ಡ ಬಂದ ಗಂಡ ಆಗುತ್ತೇನೆ. ಹೋಗು ಅಂದರೆ, ಹೋಗಿಯೇ ಬಿಡುತ್ತೀಯ. ನಿನ್ನಿಷ್ಟ ಅಂದರೆ ದೊಡ್ಡ ಮನಸ್ಸಿನವನು ಅನ್ನಿಸಿಕೊಳ್ಳಬಹುದು, ಭಾರ ನಿನ್ನ ತಲೆಯ ಮೇಲೆ ಹೋಗುತ್ತದೆ, ಒಳಗೊಳಗೇ ಅವಳೇ ಬೇಡ ಅನ್ನಲಿ ಅಂತ ಕಾಯಬಹುದು. ಇಷ್ಟೆಲ್ಲ ಲೆಕ್ಕಾಚಾರ ಆ ಒಂದು ಮಾತಿನೊಳಗಿತ್ತು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ.

ಅದಕ್ಕೇ ಈಗ ಉತ್ತರ ಬರೆಯುತ್ತಿದ್ದೇನೆ. ನೀವೇನಂತೀರಿ ಅಂತ ಕೇಳಿದೆಯಲ್ಲ, ನನಗೆ ಇಷ್ಟವಿಲ್ಲ. ಹೋಗಬೇಡ. ವರ್ಷದ ಅರ್ಧ ಅಲ್ಲ, ಒಂದು ತಿಂಗಳು ಕೂಡ ನೀನು ಅವನ ದೋಣಿಯಲ್ಲಿ ಕೂತಿರುತ್ತೀಯ, ನಾನು ಇಲ್ಲಿ ಯಂತ್ರ ತುಳಿಯುತ್ತಿರುತ್ತೇನೆ ಅನ್ನುವುದನ್ನು ನನ್ನಿಂದ ಸಹಿಸಲು ಆಗುವುದಿಲ್ಲ. ಇದು ನ್ಯಾಯವೋ ಅನ್ಯಾಯವೋ ಗೊತ್ತಿಲ್ಲ, ಸಣ್ಣತನ ಅನ್ನು ಬೇಕಾದರೆ. ನೀನು ಆಮೇಲೂ ಹೋಗುತ್ತೇನೆ ಅಂದರೆ ಹೋಗು, ಕಟ್ಟಿಹಾಕುವವನು ನಾನಲ್ಲ. ಆದರೆ ಅವರು ಬೇಡ ಅನ್ನಲಿಲ್ಲ, ಅವರಿಗೇನೂ ಅನ್ನಿಸಲಿಲ್ಲ ಅಂದುಕೊಂಡು ಮಾತ್ರ ಹೋಗಬೇಡ.

ಸ್ಪರ್ಧೆಯಲ್ಲಿ ಗೆದ್ದು ಬಾ. ಜೋಡಿ ಸ್ಪರ್ಧೆ ಆದ್ದರಿಂದ ನೀನು ಗೆದ್ದರೆ ಅವನೂ ಗೆಲ್ಲುತ್ತಾನೆ, ಅದೊಂದು ಸಂಕಟ, ಆಗಲಿ. ಬಿಸಿಲಿಗೆ ಮುಖಕ್ಕೆ ಕ್ರೀಮು ಹಚ್ಚಿಕೋ. ಬೆರಳಿಗೆ ಗಾಳ ಚುಚ್ಚಿಕೊಂಡರೆ ಹಾಗೇ ಬಿಡಬೇಡ, ಔಷಧದ ಡಬ್ಬಿ ಕೊಳವೆಯ ಬುಡದ ಜೇಬಿನಲ್ಲಿ ಇಟ್ಟಿದ್ದೇನೆ, ನಿನ್ನ ಕಡೆಯ ಜೇಬಿನಲ್ಲಿ. ಅವನಿಗೆ ಚುಚ್ಚಿದರೆ ಅವನು ಅಂಗಡಿಯಿಂದ ತಂದುಕೊಳ್ಳಲಿ.

ಬೆವರಿ ತೊಪ್ಪೆಯಾಗಿರುವ, ಆದರೂ ಸ್ವೆಟರ್ ಬಿಚ್ಚದ,
ನಿನ್ನ ಚೀಲದಂಗಡಿಯವನು

ತಾ. ಕ.: ಇದನ್ನು ಗುರುವಾರ ಸಂಜೆ ಬರೆಯುತ್ತಿದ್ದೇನೆ. ಉದ್ದ ಸಾಮಾನಿನ ಕೌಂಟರಿನವನ ಮೇಲೆ ಟೋಪಿರಾಯ ದೂರು ಕೊಟ್ಟಿದ್ದಾನೆ, ಅವನನ್ನು ಕೆಲಸದಿಂದ ತೆಗೆಸುವವರೆಗೆ ಬಿಡುವುದಿಲ್ಲ ಅನ್ನುತ್ತಿದ್ದಾನೆ ಅಂತ ನೀನು ನಿನ್ನೆ ರಾತ್ರಿ ಫೋನಿನಲ್ಲಿ ಹೇಳಿದೆ. ಆ ದೂರನ್ನು ಈಗಲೇ ವಾಪಸು ತೆಗೆಸು. ಆ ಮನುಷ್ಯ ಕೊಳವೆಯನ್ನು ಮುಟ್ಟಿಯೇ ಇಲ್ಲ, ನಾನು ಕೊಟ್ಟಿದ್ದರೆ ತಾನೇ ಮುಟ್ಟುವುದು? ನನ್ನ ಸರದಿ ಬಂತು, ಬನ್ನಿ ಸಾರ್ ಅಂತ ಅವನು ಮರ್ಯಾದೆಯಿಂದಲೇ ಕರೆದ. ನಾನು ಕೊಳವೆಯನ್ನು ಹೆಗಲಿಗೇರಿಸಿಕೊಂಡು, ತಿರುಗಿ ನೇರವಾಗಿ ವ್ಯಾನಿಗೆ ನಡೆದೆ. ಅದು ಯಾವ ಮೂಲೆಯಲ್ಲೂ ಒರಗಿರಲಿಲ್ಲ, ನನಗೆ ಯಾರೂ ಫೋನ್ ಮಾಡಲಿಲ್ಲ. ನೀನು ಫೋನ್ ಮಾಡಿ ಕೊಳವೆ ಬಂದಿಲ್ಲ ಅಂದಾಗ ನಾನು ಅದರ ಮೇಲೆ ಕೈ ಇಟ್ಟುಕೊಂಡೇ ಹೌದಾ ಅಂದದ್ದು. ಇದನ್ನು ಜನ್ಮದಲ್ಲಿ ಹೇಳುತ್ತಿರಲಿಲ್ಲ, ಬೇರೆಯವರ ಅನ್ನಕ್ಕೆ ಕಲ್ಲು ಬೀಳುತ್ತದೆ ಅಂದಮೇಲೆ ಹೇಳದೆ ವಿಧಿಯಿಲ್ಲ.

ಬೆಳಿಗ್ಗೆ ಸರಕಿನ ಕಚೇರಿಗೆ ಹೋದರೆ, ಶನಿವಾರದ ಒಳಗೆ ತಲುಪುವುದಿಲ್ಲ, ಪ್ರಯಾಣಿಕರ ಜೊತೆ ಹೋದರೆ ಮಾತ್ರ ಇವತ್ತೇ ಅಂದರು. ನಾನೇ ಟಿಕೆಟ್ ತೆಗೆದುಕೊಂಡು ವಿಮಾನ ಹತ್ತಿದೆ. ಅಂಗಡಿಯಲ್ಲಿ ಕೆಲಸ ಇದೆ, ಅಂಗಡಿಯಲ್ಲಿ ಕೆಲಸ ಇದೆ ಅಂತ ಇಷ್ಟು ವರ್ಷ ನಿನ್ನ ಜೊತೆ ಬರದೇ ಇದ್ದದ್ದು ಕೆಲಸಕ್ಕಲ್ಲ, ವಿಮಾನ ಅಂದರೆ ನನಗೆ ಪ್ರಾಣಭಯ. ದಾರಿಯುದ್ದಕ್ಕೂ ಕಣ್ಣು ಬಿಡಲಿಲ್ಲ, ಪಕ್ಕದ ಅಜ್ಜಿಯೊಬ್ಬರು ಪೆಪ್ಪರಮಿಂಟ್ ಕೊಟ್ಟು ಸಮಾಧಾನ ಮಾಡಿದರು. ಕೊಳವೆ ನಿಮ್ಮ ಹೋಟೆಲಿನ ಲಿಫ್ಟಿನಲ್ಲಿ ಹಿಡಿಸುತ್ತಿಲ್ಲ, ಈ ಕಾಗದ ಒಳಗಿಟ್ಟು ಕೊಟ್ಟರೆ ಇಲ್ಲಿಯ ಕೆಲಸದವರು ಮೆಟ್ಟಿಲ ಮೇಲೆ ಹೊತ್ತು ತರುತ್ತಾರೆ. ನಾನು ಕೆಳಗೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೇನೆ. ಎಷ್ಟು ಬೈದರೂ ಕೇಳಿಸಿಕೊಳ್ಳುತ್ತೇನೆ. ಇಳಿದು ಬಾ. ಒಬ್ಬಳೇ ಬಾ.